ಮೋಡದ ಮೇಲೆ ನಡೆದ ಅಡಿವೆಪ್ಪ

ಒಂದು ಪಟ್ಟಣದಲ್ಲಿ ಅಡಿವೆಪ್ಪನೆಂಬ ಅತ್ತರಿನ ವ್ಯಾಪಾರಿಯಿದ್ದ. ದಿನವಿಡೀ ಗಾದಿಯ ಮೇಲೆ ಕೂತು ಸೀಸೆಗಳ ಮುಚ್ಚಳ ತೆಗೆಯುವುದು, ಮೂಸುವುದು, ಮುಚ್ಚುವುದು, ಇಷ್ಟೇ ಅವನ ಕೆಲಸ. ಹೊಟ್ಟೆ ಮುಂದೆ ಬಂತು, ನಾಲ್ಕು ಹೆಜ್ಜೆಗೇ ಏದುಸಿರು. ವೈದ್ಯರು ನಾಡಿ ಹಿಡಿದು ನೋಡಿ, "ಔಷಧ ಏನೂ ಬ್ಯಾಡ. ದಿನಾ ಮುಂಜಾನೆ ಕೆರಿ ಸುತ್ತ ಒಂದು ಸುತ್ತು ನಡೀರಿ" ಎಂದರು.

ನಡೆಯುವುದಕ್ಕೂ ಒಂದು ಗತ್ತು ಬೇಡವೇ? ಅಡಿವೆಪ್ಪ ಕಸೂತಿ ಹಾಕಿದ ಬೂಟು ಕೊಂಡ. ಅದು ತುಸು ಬಿಗಿ. ಆದರೆ ಅಷ್ಟು ಚೆಂದದ್ದು ಅಂಗಡಿಯಲ್ಲಿ ಇನ್ನೊಂದಿರಲಿಲ್ಲ.

ಮೊದಮೊದಲು ಬೂಟು ಕಚ್ಚಿತು. ಆಮೇಲೆ ಅರ್ಧ ದಾರಿಗೇ ಕಾಲು ಜುಮುಜುಮು ಅನ್ನತೊಡಗಿತು. ಕಡೆಗೆ ಒಂದು ದಿನ ಏನೂ ಅನ್ನಿಸಲೇ ಇಲ್ಲ. 'ಸದ್ಯ, ಬೂಟು ಕಾಲಿಗೆ ಹೊಂದಿಕೊಂಡಿತು' ಎಂದು ಅವನಿಗೆ ಖುಷಿಯೋ ಖುಷಿ.

ಕೆರೆಯ ಮೇಲಿನ ಮಂಜು ದಾರಿಗೂ ಹಬ್ಬಿರುತ್ತಿತ್ತು. ಮೊಣಕಾಲಿನವರೆಗೆ ಅದರಲ್ಲಿ ಮುಳುಗಿ ನಡೆಯುವಾಗ ಅಡಿವೆಪ್ಪನಿಗೆ ತನ್ನ ಪಾದ ಕಾಣುತ್ತಲೂ ಇರಲಿಲ್ಲ, ತಿಳಿಯುತ್ತಲೂ ಇರಲಿಲ್ಲ. ನೆಲ ಎಲ್ಲಿತ್ತೋ ಏನೋ. ಕಣ್ಣು ಅರೆಮುಚ್ಚಿದರೆ ಮೋಡದ ಮೇಲೆ ತೇಲಿದ ಹಾಗೆ. ತಾವರೆಯ ವಾಸನೆ ಎದುರಿಗೆ ಬರುತ್ತಿತ್ತು, ಹಕ್ಕಿಗಳ ಸದ್ದು ಎಲ್ಲೋ ಕೆಳಗಿನಿಂದ ಕೇಳುತ್ತಿತ್ತು. ಒಂದು ಸುತ್ತು ಹಾಕುವವನು ಎರಡು ಹಾಕತೊಡಗಿದ.

"ಯಾಕ್ರೀ, ಕಾಲು ಎಳಕೊಂಡು ಬರ್ತೀರಲ್ಲ? ವೈದ್ಯರಿಗೆ ಒಮ್ಮೆ ತೋರಸ್ರಿ" ಎಂದಳು ಹೆಂಡತಿ ನೀಲವ್ವ.

"ಹುಚ್ಚಿ, ನೋವಿದ್ರ ತೋರಸಬೇಕು. ನನಗ ನೋವೇ ಇಲ್ಲ!"

ಹೊರಗಿನಿಂದ ಬಂದವರು ಕಾಲು ತೊಳೆದೇ ಒಳಗೆ ಬರಬೇಕು, ಅದು ಆ ಮನೆಯ ಪದ್ಧತಿ. ಒಂದು ಚಳಿಯ ಮುಂಜಾನೆ ನೀಲವ್ವ ಹಂಡೆಯಿಂದ ಕುದಿನೀರು ತೋಡಿ ಬಾಗಿಲ ಬಳಿ ಇಟ್ಟು, ಬೆರೆಸಲು ತಣ್ಣೀರು ತರಲು ಒಳಗೆ ಹೋದಳು. ಅಷ್ಟರಲ್ಲಿ ಅಡಿವೆಪ್ಪ ಬಂದ. ಬೂಟು ಕಳಚಿದ. ತಂಬಿಗೆ ತುಂಬಿ ಪಾದದ ಮೇಲೆ ಸುರಿದುಕೊಂಡ. ಇನ್ನೊಂದು ತಂಬಿಗೆ ಸುರಿದುಕೊಂಡ. ಕಾಲ ಸುತ್ತ ಎದ್ದ ಹಬೆಯನ್ನು ನೋಡಿ, 'ಮಂಜು ಮನೆತನಕ ಬಂತಲ್ಲ' ಎಂದು ಮುಗುಳ್ನಕ್ಕ.

ನೀಲವ್ವನ ಕೈಯಿಂದ ಕೊಡ ಬಿತ್ತು. "ಅಯ್ಯೋ ಶಿವನ! ಅದು ಕುದಿಯೋ ನೀರು! ಸುಡಲಿಲ್ಲೇನ್ರೀ?"

ಅವನು ಬಗ್ಗಿ ನೋಡಿದ. ಪಾದ ಕೆಂಪಗಾಗಿ ಬೊಬ್ಬೆ ಏಳುತ್ತಿತ್ತು. ಆದರೂ ಅದು ಬೇರೆ ಯಾರದೋ ಪಾದದಂತಿತ್ತು. ಆಗ ಅವನಿಗೆ ನಿಜವಾಗಿ ಭಯವಾಯಿತು.

ವೈದ್ಯರು ಬಂದು ಬೂಟನ್ನೂ ನೋಡಿದರು, ಪಾದವನ್ನೂ ನೋಡಿದರು. "ಜುಮ್ಮು ಅಂದಾಗ ಕಾಲು ನಿಮ್ಮನ್ನ ಕರೀತಿತ್ತು. ನೀವು ಓಗೊಡಲಿಲ್ಲ. ಕರದು ಕರದು ಸುಮ್ಮನಾತು. ಮತ್ತ ಮಾತಾಡ್ತದೋ ಇಲ್ಲೋ, ನಾ ಹೇಳಲಾರೆ" ಎಂದರು.

ಅಡಿವೆಪ್ಪ ಹಾಸಿಗೆ ಹಿಡಿದ. ನೀಲವ್ವ ದಿನಾ ಲೇಪ ಹಚ್ಚುವಳು, "ಏನರ ತಿಳೀತೇನ್ರೀ?" ಎಂದು ಕೇಳುವಳು. ಅವನು ಇಲ್ಲವೆಂದು ತಲೆಯಾಡಿಸುವನು. ಕಿಟಕಿಯಾಚೆ ಮಂಜು ಬಂದು ಹೋಗುತ್ತಿತ್ತು. ಈಗ ಅದನ್ನು ನೋಡಿದರೆ ಅವನಿಗೆ ದಿಗಿಲು.

ಒಂದು ದಿನ ಅವಳ ಬೆರಳು ಪಾದಕ್ಕೆ ತಾಗಿದ್ದೇ ತಡ, ಅಡಿವೆಪ್ಪ ಕಿಟಾರನೆ ಕಿರುಚಿದ. "ಅಯ್ಯಯ್ಯೋ, ಉರೀತದ! ಸತ್ತೆ!"

ನೀಲವ್ವ ಗಾಬರಿಯಾಗಲಿಲ್ಲ. ಆ ಪಾದವನ್ನು ಮಡಿಲಲ್ಲಿಟ್ಟುಕೊಂಡು ನಗುತ್ತ ಅತ್ತಳು. "ಇನ್ನೊಮ್ಮೆ ಹೇಳ್ರಿ" ಎಂದಳು.

ಅವನೂ ಅಳುತ್ತಲೇ ನಕ್ಕ. "ಉರೀತದ ನೀಲಾ, ಭಾಳ ಉರೀತದ."

ನೀತಿ: ನೋವು ನಮ್ಮನ್ನು ಕೂಗಿ ಎಚ್ಚರಿಸುವ ಗೆಳೆಯ. ಅದು ಸುಮ್ಮನಾದರೆ ಸುಖ ಬಂತೆಂದು ಹಿಗ್ಗಬೇಡಿ. ಯಾಕೆ ಸುಮ್ಮನಾಯಿತೆಂದು ಮೊದಲು ಕೇಳಿ.