ಒಂದೇ ದಾರದ ಹುಣಸೆಬೀಜಗಳು

"ಗುರುಗಳೇ, ಬೆಟ್ಟದ ಯಾತ್ರೆಗೆ ಬುತ್ತಿ, ತಂಗುವ ಜಾಗ ಎಲ್ಲ ಲೆಕ್ಕ ಹಾಕಿಟ್ಟಿದ್ದೇನೆ. ಕಾಲುನೋವಿನ ಈರಯ್ಯನೊಬ್ಬನಿಂದ ಲೆಕ್ಕ ತಪ್ಪುತ್ತದೆ. ಅವನನ್ನು ಮಠದಲ್ಲೇ ಬಿಟ್ಟು ಹೊರಡೋಣವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಉಗ್ರಾಣದ ಅಧಿಕಾರಿಯಿದ್ದ. ಗಡಿಯ ಕೋಟೆಗೆ ಧಾನ್ಯ ಕಳಿಸುವುದು ಅವನ ಕೆಲಸ. ಅಲ್ಲಿಯ ದಂಡಿನಲ್ಲಿ ಅವನ ಮಗನೂ ಇದ್ದ. ಬಂಡಿಗಳನ್ನು ಹೊರಡಿಸುವ ಮೊದಲು ಅವನು ಮರಳಿನಲ್ಲಿ ದಾರಿ ಬರೆದು, ಹುಣಸೆಬೀಜಗಳನ್ನೇ ಬಂಡಿ ಮಾಡಿ ನಡೆಸಿ ನೋಡುತ್ತಿದ್ದ. ಕವಡೆ ಎಸೆಯುವನು. ಎಲ್ಲವೂ ಬೋರಲು ಬಿದ್ದರೆ ಒಂದು ಬಂಡಿಯ ಕಡಾಣಿ ಮುರಿದಂತೆ. ಗಾಲಿ ಕಳಚದಂತೆ ತಡೆಯುವ ಕೀಲು ಅದು. ಆ ಬೀಜವನ್ನು ಪಕ್ಕಕ್ಕಿಟ್ಟು ಉಳಿದವನ್ನು ಮುಂದೆ ನಡೆಸುವನು. ದಾರಿಯ ತಂಗುದಾಣಗಳಲ್ಲಿ ಬದಲಿ ಕಡಾಣಿಗಳನ್ನಿಡಿಸಿ, ಯಾವುದು ಎಲ್ಲಿದೆಯೆಂದು ತಿಳಿಯಲು ಒಂದೊಂದಕ್ಕೂ ಗುರುತು ಹೊಡೆಸಿದ್ದ. ಎಷ್ಟು ಸಲ ಆಡಿದರೂ ಕೋಟೆಯ ಕಣಜ ಬರಿದಾಗುವ ಮೊದಲೇ ಧಾನ್ಯ ತಲುಪುತ್ತಿತ್ತು.

ಆ ಸಲ ಮಗನನ್ನು ನೋಡುವ ಆಸೆಗೆ ತಾನೂ ಜತೆಗೆ ಹೊರಟ. ಕಾಡಿನಲ್ಲಿ ಒಂದು ಕಡಾಣಿ ಮುರಿಯಿತು. ಅದಕ್ಕೆ ಹೊಂದುವುದು ಮುಂದಿನ ತಂಗುದಾಣದಲ್ಲಿತ್ತು. ತರಲು ಒಬ್ಬನನ್ನು ಓಡಿಸಿ ತಿರುಗಿ ನೋಡಿದರೆ, ಬಂಡಿಯವರೆಲ್ಲ ಎತ್ತು ಬಿಚ್ಚಿ ಕೂತಿದ್ದರು.

"ಮುರಿದದ್ದು ಒಂದು ಬಂಡಿ. ನಿಮಗೆಲ್ಲ ಏನಾಯಿತು?"

"ಇವನೊಬ್ಬನನ್ನೇ ಕಾಡಲ್ಲಿ ಬಿಟ್ಟು ಹೋಗೋದಾ, ಬುದ್ಧಿ? ಆಮೇಲೆ ಇವನ ಹೆಂಡತಿ ಕೈಲಿ ಬೈಸಿಕೊಳ್ಳೋರು ನೀವಾ, ನಾವಾ?" ಎಂದ ಹಿರಿಯ ಬಂಡಿಯವನು.

"ಅಲ್ಲಿ ನನ್ನ ಮಗ ಉಪವಾಸ ಬೀಳುತ್ತಾನಯ್ಯಾ."

"ಮುರಿದದ್ದು ನಿಮ್ಮ ಬಂಡಿ ಆಗಿದ್ರೂ ಹೀಗೇ ಕೂರ್ತಿದ್ವಿ," ಎಂದು ಅವನು ತನ್ನ ಬುತ್ತಿ ಬಿಚ್ಚಿ ಅಧಿಕಾರಿಯ ಮುಂದಿಟ್ಟ.

ಕಡಾಣಿ ಬಂದ ಮೇಲೆ ಹೊರಟು, ಘಟ್ಟದ ಏರಿನಲ್ಲಿ ಎಲ್ಲರ ಎತ್ತುಗಳನ್ನೂ ಸೇರಿಸಿ ಒಂದೊಂದೇ ಬಂಡಿ ಹತ್ತಿಸಿದರು. ಒಂದೂ ಹಿಂದುಳಿಯಲಿಲ್ಲ. ಆದರೆ ಕೋಟೆ ಮುಟ್ಟುವಾಗ ತಡವಾಗಿತ್ತು. ಲೆಕ್ಕದ ಪ್ರಕಾರ ಕಣಜ ಎಂದೋ ಬರಿದಾಗಬೇಕು. ತಂದೆ ಬಾಗಿಲಲ್ಲಿ ಅಳುಕುತ್ತ ನಿಂತ. ಬಾಗಿಲು ತೆರೆದವನು ಮಗನೇ. ಸೊರಗಿದ್ದ.

"ಇಷ್ಟು ದಿನ ಏನು ತಿಂದಿರಪ್ಪಾ?"

"ಗಂಜಿ ತೆಳ್ಳಗೆ ಕಾಯಿಸಿ ಎಲ್ಲರೂ ಕುಡಿದ್ವಿ. ಯಾರನ್ನ ಬಿಟ್ಟು ಕುಡಿಯೋದು?" ಎಂದು ಮಗ ನಕ್ಕ.

ಊರಿಗೆ ಮರಳಿದ ಅಧಿಕಾರಿ ಹುಣಸೆಬೀಜಗಳಿಗೆ ತೂತು ಕೊರೆದು ಒಂದೇ ದಾರದಲ್ಲಿ ಪೋಣಿಸಿದ. ಆಮೇಲೆ ಮರಳಿನ ಮೇಲೆ ಒಂದು ನಿಂತರೆ ಎಲ್ಲವೂ ನಿಂತವು. ಹಾಗೆ ನಿಲ್ಲುವ ದಿನಗಳನ್ನೂ ಲೆಕ್ಕಕ್ಕೆ ಹಿಡಿದು ಅವನು ಬಂಡಿಗಳನ್ನು ಮೊದಲಿಗಿಂತ ಬೇಗ ಹೊರಡಿಸತೊಡಗಿದ.

ಶಿಷ್ಯ ತಲೆ ತಗ್ಗಿಸಿದ. ಗುರುಗಳು ಎದ್ದು, ಶಾಲು ಹೊದ್ದು ಹೇಳಿದರು:

"ನಾಳೆ ಕೋಳಿ ಕೂಗುವ ಮೊದಲೇ ನನ್ನನ್ನು ಎಬ್ಬಿಸು, ಈರಯ್ಯನ ಕೈ ಹಿಡಿದು ನಾನು ಮುಂದೆ ನಡೆಯುತ್ತಿರುತ್ತೇನೆ."