ಬೋರಮ್ಮನ ಮನೆಯ ಗುಡುಗು

ಬಲು ಹಿಂದೆ, ಕಾಗೆಗಳು ಇನ್ನೂ ಅರ್ಧ ಬೆಳ್ಳಗಿದ್ದ ಕಾಲದಲ್ಲಿ, ಒಂದೂರಲ್ಲಿ ಬೋರಮ್ಮ ಅಂತ ಒಬ್ಬಳಿದ್ದಳಂತೆ. ಅವಳು ಬೈದರೆ ಹಸಿ ಸೌದೆಯೂ ಹತ್ತಿಕೊಳ್ಳುತ್ತಿತ್ತಂತೆ. ಸೊಸೆ ನಿಂಗಾಜಮ್ಮ ಅವಳೆದುರು ತುಟಿ ಬಿಚ್ಚಿದವಳಲ್ಲ.

ಆ ಸೊಸೆ ಬಸುರಾದಳು. ತಿಂದದ್ದು ನಿಲ್ಲದೆ ಸೊರಗಿ ಕಡ್ಡಿಯಾದಳು. ಏನು ಬೇಕೇ ಅಂದರೆ, ಅಣಬೆ ಸಾರು ಅಂದಳಂತೆ. ಸುಡುಬೇಸಿಗೆಯಲ್ಲಿ!

"ಇವತ್ತು ಅಣಬೆ, ನಾಳೆ ಚಂದ್ರನ್ನ ತಂದು ಗೊಜ್ಜು ಮಾಡು ಅಂತೀಯ!" ಅಂತ ರೇಗಿದಳು ಬೋರಮ್ಮ. ರೇಗಿದರೂ ಒಳಗೊಳಗೇ ಹೆದರಿದಳು. ಸೊಸೆ ಗಂಜಿಯನ್ನೂ ಮುಟ್ಟಳು. ಬಯಕೆ ತೀರದಿದ್ದರೆ ಹುಟ್ಟುವ ಕೂಸಿಗೆ ಕಿವಿ ಸೋರುತ್ತದೆ ಅನ್ನುವ ಮಾತು ಬೇರೆ.

ಹೋದ ಮಳೆಗಾಲ ಅಣಬೆ ಎದ್ದಿದ್ದ ಹುಲ್ಲುಮೆದೆಯ ಬುಡದಿಂದ ಬೂಷ್ಟು ಹಿಡಿದ ಹುಲ್ಲು ತಂದಳು. ಹೊಸ ಭತ್ತದ ಹುಲ್ಲು ಬೇಯಿಸಿ, ಆರಿಸಿ, ಹಾಲಿಗೆ ಹೆಪ್ಪು ಹಾಕಿದಂತೆ ಅದರೊಳಗೆ ಇದನ್ನು ಹುದುಗಿಸಿದಳು. ಮಂಚದಡಿ ಕತ್ತಲಲ್ಲಿಟ್ಟು ಒದ್ದೆ ಗೋಣಿ ಹೊದಿಸಿದಳು.

ಆದರೆ ಅಣಬೆ ಏಳುವುದು ಗುಡುಗಿಗೆ ತಾನೇ? ಅಟ್ಟಕ್ಕೆ ಒರಳುಗುಂಡು ಹೊತ್ತೊಯ್ದು ಹಲಗೆಯ ಮೇಲೆ ಉರುಳಿಸಿದಳಂತೆ. ಗುಡುಗುಡು, ಗುಡುಗುಡು! ಊರವರು ಒಣಹಾಕಿದ್ದ ಹಪ್ಪಳ ಒಳಗೆ ತಂದರಂತೆ. ಒಣಗಿದ ಕೆರೆಯಲ್ಲಿ ಕಪ್ಪೆ ವಟಗುಟ್ಟಿದವಂತೆ. ಮಂಚದಡಿ ಮಾತ್ರ ಏನೂ ಏಳಲಿಲ್ಲ.

ದಿನಾ ನೀರು ಚಿಮುಕಿಸಿದಳು, ದಿನಾ ಗುಂಡು ಉರುಳಿಸಿದಳು. ಕೊನೆಗೊಂದು ಮಧ್ಯಾಹ್ನ ಸೊಂಟ ಹಿಡಿದುಕೊಂಡು, ಇಳಿದು ಬಂದು ಹುಲ್ಲಿನ ಮುಂದೆ ಕುಸಿದಳು.

"ನನ್ ಕೈಲಿ ಆಗಕಿಲ್ಲ ಕಣವ್ವ," ಅಂದಳು. ಸೊಸೆಯನ್ನು ಅವ್ವ ಅಂದದ್ದು ಅದೇ ಮೊದಲು.

ಬಸುರಿ ಗುಂಡು ಎತ್ತುವ ಹಾಗಿಲ್ಲ. ನಿಂಗಾಜಮ್ಮ ಪಕ್ಕದಲ್ಲಿ ಕೂತು, ಕೆನ್ನೆ ಉಬ್ಬಿಸಿ, ಬಾಯಲ್ಲೇ ಗುಡುಗುಡು ಅಂದಳಂತೆ.

"ಥೂ, ಇದು ಗುಡುಗಾ? ಎಮ್ಮೆಗೆ ಹೊಟ್ಟೆ ಉಬ್ಬರಿಸ್ದಂಗದೆ!" ಅಂತ ಬೋರಮ್ಮ ತಾನೇ ಗುಡುಗಿ ತೋರಿಸಿದಳು.

"ನಿಮ್ದು ಸಿಡಿಲೇ ಬುಡಿ ಅತ್ತೆಮ್ಮ. ದಿನಾ ಕೇಳ್ತೀನಲ್ಲ."

ಬೋರಮ್ಮ ಕಣ್ಣುಕಣ್ಣು ಬಿಟ್ಟಳು. ಆಮೇಲೆ ನಕ್ಕಳು. ಇಬ್ಬರೂ ಸೂರಿನ ಹೆಂಚು ಜಾರುವಷ್ಟು ನಕ್ಕರಂತೆ.

ಬೆಳಿಗ್ಗೆ ನೋಡಿದರೆ ಕೋಳಿಮೊಟ್ಟೆಯಂಥ ಅಣಬೆಗಳು ಮಂಚವನ್ನೇ ಎತ್ತಿ ನಿಂತಿದ್ದವಂತೆ! ಗುಂಡಿಗೆ ಎದ್ದವು ಅನ್ನುವವರಿದ್ದಾರೆ, ನಗುವಿಗೆ ಎದ್ದವು ಅನ್ನುವವರಿದ್ದಾರೆ. ಸೊಸೆ ಬಟ್ಟಲುಗಟ್ಟಲೆ ಸಾರು ಕುಡಿದು ಚಿಗುರಿದಳು. ಹುಟ್ಟಿದ ಕೂಸಿನ ಕಿವಿ ಸೋರುವುದಿರಲಿ, ಅಣಬೆ ಅರಳುವ ಸದ್ದೂ ಅದಕ್ಕೆ ಕೇಳುತ್ತಿತ್ತಂತೆ.

ಈಗಲೂ ಆ ಊರಲ್ಲಿ ಅಣಬೆಗೆ ಹುಲ್ಲು ಹಾಸಿದ ದಿನ ಅತ್ತೆ ಸೊಸೆ ಎದುರುಬದುರು ಕೂತು ಬಾಯಲ್ಲೇ ಗುಡುಗಬೇಕು. ಮೊದಲು ನಕ್ಕವಳು ಸಾರಿನ ಮಡಕೆ ತೊಳೆಯಬೇಕು. ಯಾವ ಮನೆಯಲ್ಲೂ ಒಬ್ಬಳೇ ತೊಳೆದದ್ದು ಇದುವರೆಗೆ ಇಲ್ಲವಂತೆ.