ಏಳಪ್ಪನ ತೂಬಿನ ಏಳನೆಯ ಅಪ್ಪ

ಕರಡಿಹಾಳದ ಕೆರೆ ಏರಿಯ ಮೇಲೆ ಮೂಡಣಕ್ಕೆ ನಡೆದರೆ, ನೀರನ್ನು ಹೊಲಗಳಿಗೆ ಬಿಡುವ ಕಲ್ಲಿನ ತೂಬು ಸಿಗುತ್ತದೆ. ಅದರ ಕಂಬದ ಮೇಲೆ ಏಳು ಸಾಲು ಅಕ್ಷರಗಳಿವೆ. ಊರವರು ಇದನ್ನು ಏಳಪ್ಪನ ತೂಬು ಎನ್ನುತ್ತಾರೆ. ಪಕ್ಕದಲ್ಲಿ ಯಾರೋ ನೆಟ್ಟ ಹಲಗೆ ಮಾತ್ರ ಇದನ್ನು ಸಪ್ತರ್ಷಿಗಳ ಕಂಬ ಎನ್ನುತ್ತದೆ. ಹಲಗೆ ಸುಳ್ಳು ಹೇಳುತ್ತದೆ. ಬುಟ್ಟಿ ಹೊತ್ತವರ ಹೆಸರು ಕಣ್ಣಿಗೆ ಬಿದ್ದ ಕೂಡಲೇ ಅದಕ್ಕೆ ಗಡ್ಡ, ಜಡೆ ಅಂಟಿಸಿ ಋಷಿ ಮಾಡಿಬಿಡುವ ಚಾಳಿ ನಮ್ಮಲ್ಲಿದೆ. ಇಲ್ಲಿ ಯಾವ ಋಷಿಯೂ ತಪಸ್ಸು ಮಾಡಲಿಲ್ಲ. ಇಲ್ಲಿ ಹುಲಿಗೆವ್ವ ಮಣ್ಣು ಹೊತ್ತಳು. ಏರಿಯ ಕೆಳಗಿನ ಓಣಿಯಲ್ಲಿ ಇಂದಿಗೂ ಅವಳ ವಂಶದವರಿದ್ದಾರೆ. ಅವರ ಮನೆತನದ ಹೆಸರು ಅಣ್ಣನ ರೇಷನ್ ಕಾರ್ಡಿನಲ್ಲಿ ಪಾವಲ, ತಮ್ಮನದರಲ್ಲಿ ಪೊವೆಲ್, ಮತದಾರರ ಪಟ್ಟಿಯಲ್ಲಿ ಹಾವಲದ. ಮೂರೂ ಒಂದೇ ಒಲೆಯ ಜನ.

ಹಿಂದೆ ಒಮ್ಮೆ, ಉಗಿಬಂಡಿಯ ಹಳಿ ಈ ಸೀಮೆಗೆ ಬರುತ್ತಿದ್ದ ಕಾಲದಲ್ಲಿ, ಬಂಡಿಗೆ ನೀರು ಬೇಕೆಂದು ಕೆರೆ ಕಟ್ಟಿಸಲು ಓವೆನ್ ಪೊವೆಲ್ ಎಂಬ ಬಿಳಿಯ ಮೇಲ್ವಿಚಾರಕ ಬಂದನಂತೆ. ಇಂಗ್ಲೆಂಡಿನವನೇ ಎಂದು ಕೇಳಿದರೆ ಮುಖ ಕೆಂಪಗೆ ಮಾಡಿಕೊಳ್ಳುತ್ತಿದ್ದ. ತನ್ನದು ವೇಲ್ಸ್ ಎಂಬ ಗುಡ್ಡದ ನಾಡು, ತನ್ನ ಮಾತೇ ಬೇರೆ ಎನ್ನುತ್ತಿದ್ದ. ಮಣ್ಣಿನ ಕೆಲಸಕ್ಕೆ ಬಂದ ಮೂವತ್ತು ವಡ್ಡರ ಕುಟುಂಬಗಳಿಗೆ ಹುಲಿಗೆವ್ವ ಮುಖಂಡೆ. ಅವಳ ಅಪ್ಪ ಗಾಳೆಪ್ಪ ಇದೇ ಏರಿಗೆ ಕಲ್ಲು ಹೊತ್ತು ಹೊತ್ತು ಹಿಂದಿನ ಬೇಸಿಗೆಯಲ್ಲಿ ತೀರಿಕೊಂಡಿದ್ದ. ಕೆಲಸ ಮುಗಿದ ಮೇಲೆ ಏರಿಯ ಕೆಳಗೆ ಗುಡಿಸಲು ಹಾಕಿಕೊಳ್ಳಿ ಎಂದು ಪೊವೆಲ್ ಮಾತು ಕೊಟ್ಟಿದ್ದ. ಆದರೆ ಅದೇ ನೆಲದ ಮೇಲೆ ಊರಿನ ದೇಸಾಯಿಯ ಕಣ್ಣಿತ್ತು.

ಆ ತಂಡದಲ್ಲಿ ಒಂದು ಪದ್ಧತಿಯಿತ್ತು. ತೂಬು ನಿಲ್ಲಿಸುವ ದಿನ ತಂಡದ ಮುಖಂಡರು, ಕೆರೆಗೆ ಒಡೆಯರಾಗುವವರ ಏಳು ತಲೆಮಾರಿನ ಅಪ್ಪಂದಿರನ್ನು ಕೂಗಿ, ಹೆಸರಿಗೊಂದು ಬುಟ್ಟಿ ಮಣ್ಣು ಕಂಬದ ಬುಡಕ್ಕೆ ಹಾಕಬೇಕು. ಯಾರ ಅಪ್ಪಂದಿರ ಹೆಸರಿಗೆ ಮಣ್ಣು ಬಿತ್ತೋ, ಕೆರೆಯೂ ಅದರ ಕೆಳಗಿನ ನೆಲವೂ ಅವರ ಮಾತಿನಲ್ಲಿ. ಏಳು ತುಂಬದಿದ್ದರೆ ಕಂಬ ಅವರದಲ್ಲ. ಕೂಲಿಗೆ ಕಟ್ಟಿದ ಕೆರೆಗೆ ತಮ್ಮದೇ ಏಳು ಅಪ್ಪಂದಿರನ್ನು ಕೂಗಿಕೊಳ್ಳುವ ಹಕ್ಕು ಮಾತ್ರ ಮಣ್ಣು ಹೊತ್ತವರಿಗೆ ಇರಲಿಲ್ಲ. ಸುತ್ತಲಿನ ಹತ್ತೂರು ಈ ಪದ್ಧತಿಗೆ ತಲೆಬಾಗುತ್ತಿತ್ತು.

ಆ ಬೆಳಿಗ್ಗೆ ದೇಸಾಯಿ ಶಲ್ಯ ಹೊದ್ದು ಬಂದ. ತನ್ನ ಏಳು ಅಪ್ಪಂದಿರನ್ನು ಕಂಠಪಾಠ ಮಾಡಿಕೊಂಡೇ ಬಂದಿದ್ದ. “ಏ ಹುಲಿಗಿ, ಈ ಸಾಹೇಬ ನಾಳೆ ಹಡಗ ಹತ್ತತಾನ. ಕೂಗು ನಮ್ಮ ಹಿರಿಯರನ್ನ,” ಎಂದ.

“ನಿಮ್ಮ ಹಿರಿಯರು ಒಂದು ಬುಟ್ಟಿನೂ ಹೊತ್ತಿಲ್ರಿ, ಧಣ್ಯಾರ. ಅವರ ಹೆಸರಿಗೆ ಮಣ್ಣು ಹಾಕಿದ್ರ ಅವರ ಸೊಂಟ ಉಳುಕೀತು,” ಎಂದಳು ಹುಲಿಗೆವ್ವ. ಬುಟ್ಟಿ ಹಿಡಿದ ಹೆಂಗಸರೆಲ್ಲ ಕಿಸಕ್ಕೆಂದರು. ದೇಸಾಯಿಯ ಹೆಸರು ಕಂಬಕ್ಕೆ ಹತ್ತಿದರೆ ಸಂಜೆಗೆ ಮೂವತ್ತು ಕುಟುಂಬ ಕತ್ತೆಗಳ ಮೇಲೆ ಪಾತ್ರೆ ಹೇರಿ ಮತ್ತೆ ದಾರಿ ಹಿಡಿಯಬೇಕಿತ್ತು.

ಕೆರೆ ಕಟ್ಟಿಸಿದ ಸಾಹೇಬನ ಕಡೆಗೆ ಅವಳು ತಿರುಗಿದ್ದು ಕಂಡು ದೇಸಾಯಿ ಅವನ ಹೆಸರಿದ್ದ ಕಾಗದಗಳನ್ನು ತೆಗೆದು ಬೀಸಿದ. “ಇದರಾಗ ಪೊವೆಲ್, ಇದರಾಗ ಪಾವೆಲ್, ಇನ್ನೊಂದರಾಗ ಹೊವೆಲ್! ತನ್ನ ಹೆಸರೇ ನೆಟ್ಟಗಿಲ್ಲದವಗ ಏಳು ಮಂದಿ ಅಪ್ಪಂದಿರು ಎಲ್ಲಿಂದ ಬರಬೇಕು?”

ಪೊವೆಲ್ ಸಿಟ್ಟಾಗಲಿಲ್ಲ, ನಕ್ಕ. ತನ್ನ ಹರಕುಮುರುಕು ಕನ್ನಡದಲ್ಲಿ ಹೇಳಿದ: ನಮ್ಮ ಗುಡ್ಡಗಳಲ್ಲಿ ಹಿಂದೆ ಮನೆತನದ ಹೆಸರೇ ಇರಲಿಲ್ಲ. ಮಗನ ಹೆಸರಿನ ಮುಂದೆ ಅಪ್ಪನ ಹೆಸರು, ಅದರ ಮುಂದೆ ಅಜ್ಜನ ಹೆಸರು, ನಡುನಡುವೆ ‘ಅಪ್’. ಅಪ್ ಅಂದರೆ ಮಗ. ನಮ್ಮ ಹಿರಿಯ ಈವನ್, ಹೊವೆಲನ ಮಗ, ಅಂದರೆ ಅಪ್ ಹೊವೆಲ್. ಇಂಗ್ಲಿಷ್ ಗುಮಾಸ್ತರು ಅದನ್ನು ಒತ್ತಿ ಮುದ್ದೆ ಮಾಡಿ ಪೊವೆಲ್ ಎಂದು ಬರೆದರು. ಒಬ್ಬೊಬ್ಬನ ಕಿವಿ ಒಂದೊಂದು ಥರ. ಒಬ್ಬೊಬ್ಬನ ಬರಹ ಒಂದೊಂದು ಥರ. ನಮ್ಮನ್ನು ಯಾರೂ ಕೇಳಲಿಲ್ಲ.

“ನಮ್ಮನ್ನೂ ಯಾರೂ ಕೇಳಿಲ್ರಿ, ಸಾಹೇಬ್ರ,” ಎಂದಳು ಹುಲಿಗೆವ್ವ. “ಹೇಳ್ರಿ ನಿಮ್ಮ ಅಪ್ಪಂದಿರನ್ನ.”

ಪೊವೆಲ್ ಬೆರಳು ಮಡಚಿದ. ತನ್ನ ಅಪ್ಪ ಹ್ಯೂ. ಹ್ಯೂನ ಅಪ್ಪ ಥಾಮಸ್. ಆಮೇಲೆ ಮೋರ್ಗನ್, ರೀಸ್, ಈವನ್, ಹೊವೆಲ್. ಆರು ಬುಟ್ಟಿ ಮಣ್ಣು ಬಿತ್ತು. ಏಳನೆಯ ಬೆರಳು ಮಡಚದೆ ಉಳಿಯಿತು. ಹೊವೆಲನ ಅಪ್ಪ ಯಾರು? ಅವನ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೆಸರು ಹೊವೆಲನಲ್ಲೇ ಹೆಪ್ಪುಗಟ್ಟಿತ್ತು. ಅವನ ಹಿಂದಿನವರನ್ನೆಲ್ಲ ಗುಮಾಸ್ತನ ಲೇಖನಿ ಹೊರಗಟ್ಟಿತ್ತು. ದೇಸಾಯಿ ಶಲ್ಯ ಸರಿಮಾಡಿಕೊಂಡು ಮುಂದೆ ಬಂದ.

ಹುಲಿಗೆವ್ವ ಏಳನೆಯ ಬುಟ್ಟಿ ಹಿಡಿದು ನಿಂತೇ ಇದ್ದಳು. ತಂಡದಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ಹಿರಿಯರ ಹೆಸರು ತಿಳಿಯದ ಅನಾಥರಿಗೆ ಒಂದು ಮನೆಯವರು ತಮ್ಮ ಅಪ್ಪನನ್ನು ಎರವಲು ಕೊಡಬಹುದಿತ್ತು. ಕೊಟ್ಟ ಮನೆ, ಪಡೆದ ಮನೆ ಅಂದಿನಿಂದ ಒಂದೇ ಮನೆತನ. ಆದರೆ ಕೊಟ್ಟವರು ಆ ಅಪ್ಪನ ಹೆಸರನ್ನು ಇನ್ನೆಂದೂ ಬೇರೆ ಕಂಬಕ್ಕೆ ಕೂಗುವಂತಿಲ್ಲ. ಹುಲಿಗೆವ್ವ ಅಪ್ಪ ಹೊತ್ತು ತಂದ ಕಲ್ಲುಗಳನ್ನು ಒಮ್ಮೆ ನೋಡಿದಳು. ಇದಕ್ಕಿಂತ ಒಳ್ಳೆಯ ಕಂಬ ಅವನಿಗೆ ಇನ್ನೆಲ್ಲಿ?

“ನಮ್ಮಪ್ಪನ್ನ ತಗೋರಿ, ಸಾಹೇಬ್ರ,” ಎಂದಳು. “ಹೊವೆಲನ ಅಪ್ಪ ಗಾಳೆಪ್ಪ!”

“ಹೋದ ಬ್ಯಾಸಿಗ್ಯಾಗ ಸತ್ತಾಂವ, ನೂರೈವತ್ತು ವರ್ಷದ ಹಿಂದಿನಾಂವಗ ಅಪ್ಪ ಹೆಂಗಾದ?” ಎಂದು ದೇಸಾಯಿ ಅರಚಿದ.

“ಅಪ್ಪ ಆಗಾಕ ವಯಸ್ಸು ಯಾಕ್ರಿ, ಧಣ್ಯಾರ? ಹೆಗಲಿದ್ರ ಸಾಕು.”

ಪೊವೆಲ್ ಟೋಪಿ ತೆಗೆದ. ಏಳನೆಯ ಬುಟ್ಟಿಗೆ ತಾನೂ ಒಂದು ಕೈ ಹಚ್ಚಿ ಮಣ್ಣು ಸುರಿದ. ಏರಿಯುದ್ದಕ್ಕೂ ಎದ್ದ ಕೇಕೆಗೆ ಕೆರೆಯೊಳಗಿನ ಬೆಳ್ಳಕ್ಕಿಗಳೆಲ್ಲ ಹಾರಿದವು ಎನ್ನುತ್ತಾರೆ. ಕಂಬದಲ್ಲಿ ಗಾಳೆಪ್ಪ ನಿಂತ ಮೇಲೆ ಅವನ ಮಕ್ಕಳನ್ನು ಆ ನೆಲದಿಂದ ಎಬ್ಬಿಸಲು ದೇಸಾಯಿಗೆ ದಾರಿ ಉಳಿಯಲಿಲ್ಲ. ಶಲ್ಯ ಕೆಸರಿಗೆ ಬಿದ್ದದ್ದೂ ತಿಳಿಯದೆ ಹೊರಟುಹೋದನಂತೆ. ಪೊವೆಲ್ ಹಡಗು ಹತ್ತಿದ. ಅವನ ಹೆಸರು ಇಲ್ಲೇ ಮನೆ ಮಾಡಿತು.

ಇಂದಿಗೂ ಕಂಬದ ಮೇಲೆ ಕಲ್ಲುಕುಟಿಗ ತನ್ನ ಕಿವಿಗೆ ಬಿದ್ದಂತೆ ಕೆತ್ತಿದ್ದು ಕಾಣುತ್ತದೆ: ಹೂವ, ತೋಮ, ಮೊರಗ, ರೀಸ, ಇವಾನ, ಹಾವಲ. ಎಲ್ಲಕ್ಕೂ ಕೆಳಗೆ, ಎಲ್ಲಕ್ಕಿಂತ ಆಳವಾಗಿ, ಗಾಳೆಪ್ಪ. ಪ್ರತಿವರ್ಷ ಮೊದಲ ನೀರು ಬಿಡುವ ದಿನ ಓಣಿಯ ಹೆಂಗಸರು ಏಳು ಬುಟ್ಟಿ ಮಣ್ಣು ಹಾಕುತ್ತಾರೆ. ಹಲಗೆ ಓದಿಕೊಂಡು ಬಂದವರು ಕೈಮುಗಿದು, ಈ ಗಾಳೆಪ್ಪ ಏಳರಲ್ಲಿ ಯಾವ ಋಷಿ ಎಂದು ಕೇಳುವುದುಂಟು. ಬುಟ್ಟಿ ಕೆಳಗಿಡದೆಯೇ ಆ ಹೆಂಗಸರು ಉತ್ತರ ಕೊಡುತ್ತಾರೆ: “ಋಷಿ ಅಲ್ರಿ, ಬಿಳಿ ಸಾಹೇಬ್ರ ಮುತ್ತಜ್ಜ. ನಮಗೂ ಅವನೇ ಅಜ್ಜ. ಸ್ವಲ್ಪ ಆಚೆ ಸರೀರಿ, ಮಣ್ಣು ಹಾಕಬೇಕು.”